ಸೋಪಿಗೆ ಹೋಗದ ನೀಲಿ

ಲೈನು ಮನೆಗಳಲ್ಲಿ ಎಲ್ಲರ ಕೈಯೂ ನೀಲಿ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂಗೋಡೆಗೆ ಬೆನ್ನು ಕೊಟ್ಟು ನಿಂತ ಒಂದೇ ಸಾಲಿನ ಮನೆಗಳು ಅವು. ಕಟ್ಟಿಸಿದವರು ಕಾರ್ಖಾನೆಯವರು, ಬಿಡಿಸುವವರೂ ಅವರೇ. ತೊಟ್ಟಿಯಲ್ಲಿ ಅದ್ದುವ ಗಂಡಸರ ಕೈ ಮೊಣಕೈವರೆಗೆ ನೀಲಿ, ಒಣಹಾಕುವ ಹೆಂಗಸರದು ಮಣಿಕಟ್ಟಿನವರೆಗೆ. ಬಾಗಿಲ ಚಿಲಕ, ನೀರಿನ ಕೊಡದ ಕಂಠ, ದಿಂಬಿನ ಅಂಚು, ಮುದ್ದು ಮಾಡಿಸಿಕೊಂಡ ಮಕ್ಕಳ ಕೆನ್ನೆ, ಎಲ್ಲದರ ಮೇಲೂ ಅದೇ ಬಣ್ಣ. ಲೈನಿನ ಕೊನೆಯ ಮನೆಯಲ್ಲಿ ಒಬ್ಬಳು ಹೆಂಗಸಿದ್ದಳು, ಬಾಯಿ ಮುಚ್ಚಿದ್ದನ್ನು ಯಾರೂ ಕಂಡವರಿಲ್ಲವಾದ್ದರಿಂದ ಎಲ್ಲರೂ ರೇಡಿಯೋ ಅಕ್ಕ ಎನ್ನುತ್ತಿದ್ದರು. ಲೈನಿನವರು ಸತ್ತರೆ ಡಾಕ್ಟರಿಗೂ ಗೊತ್ತಾಗುವುದಿಲ್ಲ, ಬದುಕಿದ್ದಾಗಲೇ ಹೆಣದ ಬಣ್ಣ ಹಚ್ಚಿಕೊಂಡು ತಿರುಗುತ್ತೀವಲ್ಲ ಎಂದು ಅವಳು ನಲ್ಲಿಯ ಹತ್ತಿರ ಹೇಳಿ ಎಲ್ಲರನ್ನೂ ನಗಿಸುತ್ತಿದ್ದಳು.

ಹಾಗಾಗಿ ಮೂರನೇ ತೊಟ್ಟಿಯಲ್ಲಿ ಕೆಲಸ ಮಾಡುತ್ತಿದ್ದವನ ಮಗಳ ಉಗುರು ನೀಲಿಯಾಗಿದ್ದಾಗ ಯಾರೂ ಬೆಚ್ಚಿಬೀಳಲಿಲ್ಲ.

ಮಗುವನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ತಿಂದದ್ದು ಮೈಗೆ ಹತ್ತದ ಕೂಸು. ಹಾಲು ಕುಡಿಯುತ್ತ ಕುಡಿಯುತ್ತಲೇ ಸುಸ್ತಾಗಿ ಬಿಟ್ಟುಬಿಡುತ್ತಿತ್ತು, ಹಣೆಯ ಮೇಲೆ ಬೆವರು ಸಾಲುಗಟ್ಟುತ್ತಿತ್ತು. ಹಾಲು ಕುಡಿಯುವುದಕ್ಕೂ ಸೋಮಾರಿತನ, ಅಪ್ಪನನ್ನೇ ಹೋತಿದೆ ಎಂದು ಅವನ ತಾಯಿ ಆಡಿಕೊಳ್ಳುತ್ತಿದ್ದಳು. ಸಂಜೆಯಾದರೆ ಮುದುಕಿ ಬಾಗಿಲಲ್ಲಿ ಕಾಲು ಚಾಚಿ, ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು, ಸೋಪು ಹಚ್ಚಿದ ಬಟ್ಟೆಯಿಂದ ಒಂದೊಂದೇ ಉಗುರು ಉಜ್ಜುತ್ತಿದ್ದಳು. ಕೆನ್ನೆಯ ಬಣ್ಣ ಹೋಗುತ್ತಿತ್ತು. ಉಗುರಿನದು ಹೋಗುತ್ತಿರಲಿಲ್ಲ.

"ಕೈ ತೊಳೀದೆ ಮಗೂನ ಮುಟ್ಟಬೇಡ ಅಂತ ಎಷ್ಟು ಸಲ ಬಡ್ಕೊಳ್ಳೋದು ನಿಂಗೆ?" ಎಂದು ಅವನನ್ನು ಗದರಿದಳು.

ಅವನು ತೊಳೆದುಕೊಂಡೇ ಮುಟ್ಟುತ್ತಿದ್ದ. ಆದರೂ ಬೈಗುಳ ಕೇಳಿ ಕೇಳಿ ಸಾಕಾಗಿ ಎತ್ತಿಕೊಳ್ಳುವುದನ್ನೇ ಬಿಟ್ಟ. ಕೆಲಸದಿಂದ ಬಂದು ಗೋಡೆಗೆ ಒರಗಿ ಕೂತು, ದೂರದಿಂದಲೇ ನಾಲಿಗೆಯಲ್ಲಿ ಟಕಟಕ ಸದ್ದು ಮಾಡಿ ಅವಳನ್ನು ನಗಿಸುತ್ತಿದ್ದ. ಅಷ್ಟಾದರೂ ಮಗಳ ಉಗುರು ಬೆಳ್ಳಗಾಗಲಿಲ್ಲ. ಸೊಸೆಯ ಕೈಯ ಬಣ್ಣ ಇರಬೇಕು ಎಂದಳು ತಾಯಿ.

ಹೆಂಡತಿಗೆ ಮಾತ್ರ ಒಳಗೊಳಗೇ ಅಳುಕಿತ್ತು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಗುವನ್ನು ಎತ್ತಿಕೊಂಡು ಗಂಡನನ್ನೂ ಎಳೆದುಕೊಂಡು ಕಾರ್ಖಾನೆಯ ಕ್ಲಿನಿಕ್ಕಿಗೆ ಹೋದಳು. ಅಲ್ಲೊಬ್ಬಳು ಸಿಸ್ಟರು, ಒಂದು ಮಂಚ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವ ಒಂದು ಕ್ಲಿಪ್ಪು. ಅದನ್ನು ಮಗುವಿನ ಬೆರಳಿಗೆ ಸಿಕ್ಕಿಸಿದಾಗ ತೀರಾ ಕೆಳಗಿನ ಅಂಕಿ ಬಂತು. ಸಿಸ್ಟರು ಕ್ಲಿಪ್ಪನ್ನು ಕೊಡವಿ ಮತ್ತೆ ಹಾಕಿದಳು, ಅದೇ ಬಂತು.

"ನಿಮ್ಮ ಲೈನಿನವ್ರ ಉಗುರಿಗೆ ಇದು ಯಾವತ್ತು ಸರಿ ತೋರ್ಸಿದೆ ಹೇಳಿ. ಬಣ್ಣ ಇದ್ರೆ ಹಿಂಗೇ. ಚೆನ್ನಾಗಿ ತೊಳ್ಕೊಂಡು ಬನ್ನಿ."

ಅವಳು ಕೆಟ್ಟವಳಲ್ಲ. ಬಂದ ದಿನ ಅವಳಿಗೆ ಹಾಗೆಂದು ಹೇಳಿಕೊಟ್ಟಿದ್ದರು, ಅವಳು ಹಾಗೇ ಹೇಳುತ್ತಿದ್ದಳು. ಬಣ್ಣ ಮೆತ್ತಿದ ಉಗುರಿನ ಮೇಲೆ ಕ್ಲಿಪ್ಪು ತಪ್ಪು ಅಂಕಿ ತೋರಿಸುವುದೂ ನಿಜವೇ. ಎಷ್ಟು ಜನರ ಕೆಮ್ಮು, ಎಷ್ಟು ಜನರ ಏದುಸಿರು ಈ ಅರ್ಧ ನಿಜದ ಕೈ ಹಿಡಿದುಕೊಂಡು ಕ್ಲಿನಿಕ್ಕಿನಿಂದ ನೇರ ತೊಟ್ಟಿಗೆ ವಾಪಸು ಬಂದಿದ್ದವೋ! ಕಾರ್ಖಾನೆಗೆ ಅಷ್ಟೇ ಬೇಕಾಗಿತ್ತು. ಕ್ಲಿನಿಕ್ಕು ಇರಬೇಕು, ಕಾಯಿಲೆ ಇರಬಾರದು.

ಅವರೂ ವಾಪಸು ಬಂದರು. ಮುದುಕಿ ಇನ್ನೂ ಜೋರಾಗಿ ಉಜ್ಜಿದಳು.

ಒಂದು ಬೆಳಿಗ್ಗೆ ಸ್ನಾನವಾದ ಮೇಲೆ ಗುಬ್ಬಿ ಅಳಲು ಶುರುಮಾಡಿತು. ಅಳು ಏರಿತು, ಆಮೇಲೆ ಅಳುವ ಶಕ್ತಿಯೂ ಹೋಗಿ ಬರೀ ಉಸಿರಾಟ ಉಳಿಯಿತು. ತುಟಿ, ಮೂಗಿನ ಸುತ್ತ, ಕಿವಿ, ಎಲ್ಲ ಕಪ್ಪುಗಟ್ಟಿತು. ಕತ್ತು ಹಿಂದಕ್ಕೆ ಜೋತು ಬಿತ್ತು. ಮುದುಕಿ ಬಟ್ಟೆ ತೆಗೆದುಕೊಂಡು ತುಟಿ ಒರೆಸಲು ಹೋದಳು. ಒರೆಸುತ್ತ ಒರೆಸುತ್ತ ಅವಳ ಕೈ ನಿಂತುಹೋಯಿತು.

ಯಾರದೋ ಆಟೋದಲ್ಲಿ ಊರ ಆ ಕಡೆಯ ದೊಡ್ಡಾಸ್ಪತ್ರೆ ಮುಟ್ಟಿದರು. ಕನ್ನಡಕದ ಡಾಕ್ಟರಮ್ಮ ಒಬ್ಬರು ಮಗುವನ್ನು ಅವರ ಕೈಯಿಂದ ತೆಗೆದುಕೊಂಡು ಮಂಚದ ಮೇಲೆ ಹಾಕಿ, ಎರಡೂ ಮೊಣಕಾಲು ಮಡಚಿ ಎದೆಗೆ ಒತ್ತಿ ಹಿಡಿದರು. ಮೂಗಿಗೆ ಆಮ್ಲಜನಕ, ಕೈಗೆ ಸೂಜಿ. ನೋಡನೋಡುತ್ತ ತುಟಿಯ ಕಪ್ಪು ಇಳಿದು ನೇರಳೆಯಾಯಿತು, ನೇರಳೆ ಇಳಿದು ಬೂದಿಯಾಯಿತು. ಹುಟ್ಟಿನಿಂದಲೇ ಹೃದಯದ ನಡುಗೋಡೆಯಲ್ಲಿ ತೂತಿದೆ, ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟಾಗಿದೆ, ಕೆಟ್ಟ ರಕ್ತ ಶುದ್ಧವಾಗದೆ ಹಾಗೇ ಮೈಗೆ ಹೋಗುತ್ತಿದೆ ಎಂದು ಡಾಕ್ಟರಮ್ಮ ಆಮೇಲೆ ಕಾಗದದ ಮೇಲೆ ಗೀಚಿ ವಿವರಿಸಿದರು. ದೊಡ್ಡ ಆಪರೇಷನ್ನಿಗೆ ಮಗು ಇನ್ನೂ ಬಲಿಯಬೇಕು. ಅಲ್ಲಿಯವರೆಗೆ ಶ್ವಾಸಕೋಶಕ್ಕೆ ರಕ್ತ ಹೋಗಲು ಬೇರೊಂದು ಸಣ್ಣ ನಳಿಕೆ ಜೋಡಿಸಬೇಕು, ಅದೂ ತಕ್ಷಣ.

ಹೇಳಿ ಮುಗಿಸಿ ಅವರು ಕೇಳಿದರು. "ಇಷ್ಟು ದಿನ ಮಗು ನೀಲಿ ಇದ್ದದ್ದು ನಿಮ್ಮ ಕಣ್ಣಿಗೆ ಬೀಳಲೇ ಇಲ್ವಾ?"

ಅವನು ಎರಡೂ ಕೈ ಮುಂದೆ ಚಾಚಿದ. ಡಾಕ್ಟರಮ್ಮ ಆ ಕೈಗಳನ್ನು ನೋಡಿದರು. ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ನರ್ಸೊಬ್ಬಳು ಗುಬ್ಬಿಯ ಪಾದಕ್ಕೆ ಪಟ್ಟಿಯಂಥದ್ದೊಂದು ಸುತ್ತುತ್ತಿದ್ದಳು, ಅದರ ತುದಿಯಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಅದೇನೆಂದು ಕೇಳಿದ. ರಕ್ತದ ಆಮ್ಲಜನಕ ನೋಡುವುದಕ್ಕೆ ಎಂದಳು. ಕಾಲಿಗೂ ಹಾಕಬಹುದೇ ಎಂದ. ಕಾಲಿಗೆ ಹಾಕಬಹುದು, ಕಿವಿಗೆ ಹಾಕುವಂಥದ್ದೂ ಇದೆ, ಯಾಕೆ ಎಂದಳು. ಏನಿಲ್ಲ ಎಂದ. ಆಗ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಒಳಗೆ ಹತ್ತಿ ತುರುಕಿದ ಹಾಗಿತ್ತು, ಏನು ಬಿದ್ದರೂ ಸದ್ದಾಗುತ್ತಿರಲಿಲ್ಲ.

ಎದೆ ತೆರೆದು ನಳಿಕೆ ಜೋಡಿಸಿದರು, ಅದು ಕೂತಿತು. ಕಾಯುವ ದಿನಗಳೆಲ್ಲ ಒಂದೇ ಥರ ಕಳೆದವು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಗಂಡಹೆಂಡಿರನ್ನು ಎದುರಿಗೆ ಕೂರಿಸಿಕೊಂಡು ಪಾಠ ಒಪ್ಪಿಸುವವರಂತೆ ಬಾಯಲ್ಲಿ ಹೇಳಿಸಿದರು. ಎದೆಯ ಮೂಳೆ ಕೂಡುವವರೆಗೆ ಕಂಕುಳಿಗೆ ಕೈ ಹಾಕಿ ಎತ್ತಬಾರದು. ಒಂದು ಕೈ ಕುಂಡೆಯ ಕೆಳಗೆ, ಒಂದು ಕೈ ಬೆನ್ನಿಗೆ. ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟಿರುವ ಔಷಧ ಒಂದು ದಿನವೂ ತಪ್ಪಬಾರದು. ಮಗುವಿನ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಮಂದವಾಗಿ ನಳಿಕೆ ಕಟ್ಟಿಕೊಳ್ಳುತ್ತದೆ, ಹಾಗಾಗಿ ವಾಂತಿಯೋ ಭೇದಿಯೋ ಆದರೆ ಮನೆಮದ್ದು ಅದು ಇದು ಎನ್ನದೆ ನೇರ ಇಲ್ಲಿಗೆ ಬರಬೇಕು. ದೊಡ್ಡ ಆಪರೇಷನ್ ಆಗುವವರೆಗೆ ಸ್ವಲ್ಪ ನೀಲಿ ಇದ್ದೇ ಇರುತ್ತದೆ. ಅದು ಏರಿತೋ ಇಲ್ಲವೋ ನೋಡುತ್ತಿರಬೇಕು.

"ಉಗುರು ನೋಡಬೇಡಿ. ನಾಲಿಗೆ ನೋಡಿ," ಎಂದರು. "ನಾಲಿಗೆಗೆ ನಿಮ್ಮ ಕಾರ್ಖಾನೆ ಬಣ್ಣ ಹತ್ತಲ್ಲ."

ಅವನು ಮತ್ತೆ ತೊಟ್ಟಿಗೆ ಹೋದ. ನೂಲಿನ ಲಡಿಗಳನ್ನು ಕೋಲಿಗೆ ತೂಗುಹಾಕಿ ತೊಟ್ಟಿಗೆ ಇಳಿಸಬೇಕು, ಹೊತ್ತು ನೋಡಿ ಎತ್ತಬೇಕು, ಗಾಳಿಗೆ ಹಿಡಿಯಬೇಕು, ಮತ್ತೆ ಇಳಿಸಬೇಕು. ತೊಟ್ಟಿಯಿಂದ ಮೇಲೆ ಬರುವಾಗ ನೂಲು ಹಳದಿ ಬೆರೆತ ಹಸಿರು. ಗಾಳಿ ತಾಗಿದ ಮೇಲೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ. ಇಲ್ಲಿ ಗಾಳಿ ಸಿಕ್ಕರೆ ನೀಲಿ, ಮಗಳ ಮೈಯಲ್ಲಿ ಗಾಳಿ ಸಿಗದಿದ್ದರೆ ನೀಲಿ. ಇದು ಅವನಿಗೆ ಒಮ್ಮೆ ಹೊಳೆಯಿತು. ಹೊಳೆದದ್ದನ್ನು ಮುಂದಕ್ಕೆ ಎಳೆಯದೆ ಅಲ್ಲೇ ಬಿಟ್ಟು ಮುಂದಿನ ಕೋಲು ಎತ್ತಿದ.

ಮನೆಯಲ್ಲಿ ಮೂವರೂ ದಿನಕ್ಕೆ ಹತ್ತು ಸಲ ಗುಬ್ಬಿಯ ಬಾಯಿ ತೆರೆಸುತ್ತಿದ್ದರು. ಕೊನೆಗೆ ಕೂಸಿಗೆ ಅದು ಆಟವಾಗಿ, ಯಾರು ಎದುರು ಬಂದು ಕೂತರೂ ತಾನೇ ನಾಲಿಗೆ ಚಾಚುತ್ತಿತ್ತು. ದೊಡ್ಡವರಿಗೆಲ್ಲ ನಾಲಿಗೆ ತೋರಿಸಿ ಅಣಕಿಸುತ್ತಾಳೆ, ದೊಡ್ಡವಳಾದ ಮೇಲೆ ಕಾರ್ಖಾನೆಯ ಮೇಸ್ತ್ರಿಗೂ ತೋರಿಸಲಿ ಎಂದು ರೇಡಿಯೋ ಅಕ್ಕ ಹರಸಿದಳು. ನೀವೂ ಎತ್ತಿಕೊಳ್ಳಿ, ಈಗ ಬಣ್ಣ ಎಂದು ಯಾರೂ ಬೈಯುವುದಿಲ್ಲ ಎಂದು ಹೆಂಡತಿ ಅವನಿಗೆ ಹೇಳಿದಳು. ಹೂಂ ಎಂದ. ಎತ್ತಿಕೊಳ್ಳಲಿಲ್ಲ. ಅಭ್ಯಾಸ ತಪ್ಪಿಹೋಗಿತ್ತು.

ಹೀಗಿರುವಾಗ ಒಂದು ಸಂಜೆ ಗುಬ್ಬಿಗೆ ಭೇದಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಕಣ್ಣು ಒಳಗೆ ಹೋಗಿತ್ತು. ಹಾಲು ಮುಟ್ಟಲಿಲ್ಲ. ಹೆಂಡತಿ ಟ್ಯೂಬ್‌ಲೈಟಿನ ಕೆಳಗೆ ಬಾಯಿ ತೆರೆಸಿ ನೋಡಿ ಅವನನ್ನು ಕರೆದಳು.

"ರೀ, ನೋಡ್ರೀ. ಏರಿದೆ ಅನ್ಸುತ್ತೆ."

ಅವನು ಬಗ್ಗಿ ನೋಡಿದ. ದಿನವಿಡೀ ನೀಲಿಯನ್ನೇ ನೋಡುವ ಕಣ್ಣು ಅವನದು. ಲಡಿಯೊಂದು ಒಂದು ಅದ್ದು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ದೂರದಿಂದಲೇ ಹೇಳುತ್ತಿದ್ದ. ಆ ಕಣ್ಣಿಗೆ ಮಗಳ ನಾಲಿಗೆಯ ಮೇಲೆ ಏನೂ ಗೊತ್ತಾಗಲಿಲ್ಲ. ಏರಿದೆ ಎಂದರೆ ಆಸ್ಪತ್ರೆಗೆ ಹೋಗಬೇಕು. ಆಸ್ಪತ್ರೆಗೆ ಹೋಗಬೇಕೆಂದರೆ ಕಾರ್ಖಾನೆಯ ವ್ಯಾನು ಬೇಕು, ಬೆಳಗಿನ ಹೊತ್ತು ಲಾರಿಗಳು ಸಾಲುಗಟ್ಟಿ ನಿಲ್ಲುವ ಲೈನಿನ ರಸ್ತೆಗೆ ಆಟೋದವರು ಬರುವುದಿಲ್ಲ, ಹಿಂದಿನ ಸಲ ಸಿಕ್ಕಿದ್ದೇ ಅದೃಷ್ಟ. ವ್ಯಾನು ಬೇಕೆಂದರೆ ಕ್ಲಿನಿಕ್ಕಿನ ಸಿಸ್ಟರು ಹೂಂ ಎನ್ನಬೇಕು. ಇವತ್ತು ಅವನ ತೊಟ್ಟಿಗೆ ದೊಡ್ಡ ಲಾಟಿನ ನೂಲು ಬೇರೆ ಬರುವುದಿತ್ತು.

"ನಿನ್ನೆನೂ ಹಿಂಗೇ ಇತ್ತಲ್ಲ," ಎಂದ. "ಕ್ಲಿನಿಕ್ಕಿಗೆ ತೋರ್ಸು. ನೋಡೋಣ."

ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಮೂರನೇ ತೊಟ್ಟಿಯಲ್ಲಿ ಲಡಿಗಳು ಇಳಿದಿದ್ದವು. ಎತ್ತುವ ಹೊತ್ತು ಹತ್ತಿರವಾಗುತ್ತಿತ್ತು. ಎತ್ತುವುದು ತಡವಾದರೆ ಇಡೀ ಲಾಟಿಗೆ ಮಚ್ಚೆ ಬೀಳುತ್ತದೆ, ಮಚ್ಚೆ ಬಿದ್ದ ನೂಲಿಗೆ ತೊಟ್ಟಿಯವನೇ ಹೊಣೆ. ಅಷ್ಟರಲ್ಲಿ ಶೆಡ್ಡಿನ ಬಾಗಿಲ ಬೆಳಕಿಗೆ ಅಡ್ಡವಾಗಿ ಹೆಂಡತಿ ನಿಂತಿದ್ದು ಕಾಣಿಸಿತು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಶೆಡ್ಡಿಗೆ ಬರುವಂತಿಲ್ಲ. ಅವಳು ಹೊಸಿಲು ದಾಟಲಿಲ್ಲ, ಕೂಗಲೂ ಇಲ್ಲ. ಮಗುವನ್ನು ಬಿಸಿಲಿಗೆ ಹಿಡಿದು ನಿಂತಿದ್ದಳು.

ಅವನು ಹತ್ತಿರ ಹೋದ. ಕ್ಲಿಪ್ಪು ಕೆಳಗಿನ ಅಂಕಿ ತೋರಿಸಿತು, ಕಾಲಿಗೆ ಹಾಕಿ ಎಂದರೆ ಇದು ಬೆರಳಿಗೆ ಮಾತ್ರ ಎಂದರು, ಮಗುವಿನ ಕೈ ತೊಳೆಸಿಕೊಂಡು ಬನ್ನಿ ಎಂದು ಕಳಿಸಿದರು ಎಂದು ಅವಳು ಒಂದೇ ದನಿಯಲ್ಲಿ ಹೇಳಿದಳು. ಗುಬ್ಬಿ ನಾಲಿಗೆ ಚಾಚಲಿಲ್ಲ. ಅವನೇ ಗಲ್ಲ ಹಿಡಿದು ಬಾಯಿ ತೆರೆಸಿದ. ಬಿಸಿಲಿನಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಬೆಳಿಗ್ಗೆಯೂ ಇದೇ ಬಣ್ಣ ಇತ್ತು. ಬೆಳಿಗ್ಗೆಯೂ ಅವನಿಗೆ ಕಂಡಿತ್ತು.

ಒಂದು ಕೈ ಕುಂಡೆಯ ಕೆಳಗೆ, ಒಂದು ಕೈ ಬೆನ್ನಿಗೆ ಕೊಟ್ಟು ಮಗಳನ್ನು ತೆಗೆದುಕೊಂಡ. ಅವತ್ತು ಡಾಕ್ಟರಮ್ಮ ಹಿಡಿದಿದ್ದ ಹಾಗೆ ಅವಳ ಮೊಣಕಾಲು ಮಡಚಿ ಎದೆಗೆ ಒತ್ತಿಕೊಂಡ. ಹಿಂದಿನಿಂದ ಮೇಸ್ತ್ರಿ, ಲಾಟು ಎತ್ತಿ ಹೋಗಯ್ಯಾ, ನಿನ್ನ ಕೆಲಸಕ್ಕೇ ಕುತ್ತು ಬರುತ್ತೆ ಎಂದು ಕರೆಯುತ್ತಿದ್ದ. ಅವನು ತಿರುಗಿ ನೋಡಲಿಲ್ಲ. ಧೈರ್ಯವೇನಲ್ಲ, ಆ ಮಾತು ಎಲ್ಲಿಗೂ ತಾಗಲಿಲ್ಲ ಅಷ್ಟೆ.

ಗೇಟಿನ ಹತ್ತಿರ ವ್ಯಾನು ನಿಂತಿತ್ತು, ಅರ್ಧ ಮಾಲು ತುಂಬಿಕೊಂಡು. ವೆಲ್ಫೇರ್ ಸಾಹೇಬರು ಪಕ್ಕದಲ್ಲೇ ಇದ್ದರು. ಕಾರ್ಮಿಕರ ಯೋಗಕ್ಷೇಮ ನೋಡಿಕೊಳ್ಳಲು ಕಾರ್ಖಾನೆ ನೇಮಿಸಿದ ಮನುಷ್ಯ, ಯಾರನ್ನು ಕಂಡರೂ ನಗುವವರು. ಸಿಸ್ಟರು ಹೇಳದೆ ವ್ಯಾನು ಕೊಡಲು ಬರುವುದಿಲ್ಲ, ಇರಿ, ಕೇಳಿಕೊಂಡು ಬರುತ್ತೇನೆ ಎಂದರು. ಒಣಹಾಕುವ ಅಂಗಳದಿಂದ ರೇಡಿಯೋ ಅಕ್ಕ ಬಂದಳು, ಅವಳ ಹಿಂದೆ ಉಳಿದ ಹೆಂಗಸರು. ಅವಳು ಅವತ್ತು ಏನೂ ಮಾತಾಡಲಿಲ್ಲ. ವ್ಯಾನಿನ ಹಿಂಬಾಗಿಲು ತೆಗೆದು ಮೊದಲ ಮೂಟೆಯನ್ನು ತಾನೇ ಕೆಳಗೆ ಎಳೆದಳು. ಉಳಿದವರು ಸಾಲಾಗಿ ನಿಂತು ಕೈಯಿಂದ ಕೈಗೆ ಮೂಟೆ ದಾಟಿಸಿ ಮಣ್ಣಿಗೆ ಹಾಕಿದರು. ಡ್ರೈವರು ಸಾಹೇಬರ ಮುಖ ನೋಡಿದ, ಹೆಂಗಸರ ಮುಖ ನೋಡಿದ, ಹೋಗಿ ಗಾಡಿ ಚಾಲೂ ಮಾಡಿದ. ಸಾಹೇಬರು ಕಡೆಯ ಗಳಿಗೆಯಲ್ಲಿ ಮುಂದಿನ ಸೀಟಿಗೆ ಹತ್ತಿಕೊಂಡರು.

ದಾರಿಯಲ್ಲಿ ಅವರು ಹಿಂದಕ್ಕೆ ತಿರುಗಿ ಮೆಲ್ಲಗೆ ಮಾತಾಡಿದರು. ಆದದ್ದಾಯಿತು, ಲಾಟಿನ ವಿಷಯ ನಾನು ನೋಡಿಕೊಳ್ಳುತ್ತೇನೆ, ಮನೆಗೂ ಏನೂ ಆಗುವುದಿಲ್ಲ. ಆಸ್ಪತ್ರೆಯವರು ಎಷ್ಟು ಹೊತ್ತಿನಿಂದ ಹೀಗಿದೆ ಎಂದು ಕೇಳುತ್ತಾರೆ.

"ಈಗ ತಾನೇ ಆಯ್ತು, ನೇರ ಬಂದ್ವಿ ಅನ್ನಪ್ಪ. ಕ್ಲಿನಿಕ್ಕಿನ ವಿಷ್ಯ ಎತ್ತಬೇಡ. ಪಾಪ, ಆ ಹುಡುಗಿ ಕೆಲಸ ಹೋಗುತ್ತೆ. ನಿನಗೂ ಒಳ್ಳೇದು."

ಮಗಳ ಉಸಿರು ಅವನ ಕುತ್ತಿಗೆಗೆ ತಾಗುತ್ತಿತ್ತು, ಸಣ್ಣಗೆ, ಬೇಗಬೇಗ. ಅದು ತಾಗುತ್ತಿದೆಯೋ ಇಲ್ಲವೋ ಎನ್ನುವುದನ್ನಷ್ಟೇ ನೋಡುತ್ತಿದ್ದ.

ಅದೇ ಡಾಕ್ಟರಮ್ಮ ಸಿಕ್ಕರು. ಪಾದಕ್ಕೆ ಪಟ್ಟಿ, ಎದೆಗೆ ಸ್ಟೆತಾಸ್ಕೋಪು. ನಳಿಕೆಯಲ್ಲಿ ರಕ್ತ ಹರಿಯುವ ಸದ್ದು ಕೇಳಿಸಬೇಕು, ಕೇಳಿಸುತ್ತಿಲ್ಲ ಎಂದರು.

"ಯಾವಾಗಿಂದ ಹೀಗಿದೆ? ಸರಿಯಾಗಿ ಹೇಳಿ. ನಾನು ಏನು ಮಾಡಬೇಕು ಅನ್ನೋದು ಅದರ ಮೇಲಿದೆ."

ಬಾಗಿಲ ಪಕ್ಕದಲ್ಲಿ ಸಾಹೇಬರು ನಿಂತಿದ್ದರು. ಅವರು ಕೆಮ್ಮಿದರು.

"ಭೇದಿ ನಿನ್ನೆ ಸಂಜೆಯಿಂದ," ಎಂದ ಅವನು. "ನಾಲಿಗೆ ಬೆಳಿಗ್ಗೆನೇ ಏರಿತ್ತು. ಇವಳು ಹೇಳಿದ್ಲು. ನಾನು ಇಲ್ಲ ಅಂದೆ. ನನಗೆ ಕಂಡಿತ್ತು, ಆದ್ರೂ ಇಲ್ಲ ಅಂದೆ. ಆಮೇಲೆ ಕಾರ್ಖಾನೆ ಕ್ಲಿನಿಕ್ಕಿನಲ್ಲಿ ಕ್ಲಿಪ್ಪು ಹಾಕಿದಾಗ ಕಮ್ಮಿ ಬಂತಂತೆ. ಬಣ್ಣ, ತೊಳ್ಕೊಂಡು ಬನ್ನಿ ಅಂತ ವಾಪಸ್ ಕಳಿಸಿದ್ರು. ಅಲ್ಲಿ ಯಾವಾಗ್ಲೂ ಹಂಗೇ ಕಳಿಸ್ತಾರೆ. ಎಲ್ರನ್ನೂ."

ದನಿ ಏರಿರಲಿಲ್ಲ. ಯಾರೋ ಬೇರೆಯವರ ವಿಳಾಸ ಹೇಳುವಂತೆ ಹೇಳಿದ್ದ. ಹೆಂಡತಿ ಅವನ ಕಡೆ ನೋಡಲಿಲ್ಲ. ಡಾಕ್ಟರಮ್ಮ ಅವನನ್ನಾಗಲಿ ಸಾಹೇಬರನ್ನಾಗಲಿ ಬೈಯುತ್ತ ನಿಲ್ಲಲಿಲ್ಲ. ಸ್ಕ್ಯಾನಿಗೆ ಕಾಯುವುದು ಬೇಡ, ನೇರ ಒಳಗೆ ತಗೊಳ್ಳಿ ಎಂದು ನರ್ಸಿಗೆ ಹೇಳಿದರು. ತೊಡೆಯ ರಕ್ತನಾಳದಿಂದ ಕೂದಲಂಥ ತಂತಿ ಏರಿಸಿ, ನಳಿಕೆಯೊಳಗೆ ಪುಟ್ಟ ಬಲೂನು ಉಬ್ಬಿಸಿ ಹೆಪ್ಪು ಬಿಡಿಸಲು ನೋಡುತ್ತೇವೆ, ಬಿಡದಿದ್ದರೆ ಎದೆ ಮತ್ತೆ ತೆರೆಯಬೇಕಾಗುತ್ತದೆ, ಬದುಕಿಸುತ್ತೇವೆಂದು ಮಾತು ಕೊಡಲಾರೆ ಎಂದು ನಡೆಯುತ್ತಲೇ ಹೇಳಿದರು. ಮಂಚದ ಗಾಲಿಗಳು ಹೋದವು. ಬಾಗಿಲು ಮುಚ್ಚಿತು.

ಸಾಹೇಬರು ಮಾತ್ರ ಉಳಿದರು. ಈಗ ಅವರು ನಗುತ್ತಿರಲಿಲ್ಲ. ನೀನು ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕಿಕೊಂಡೆ, ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿ ಹೊರಟುಹೋದರು. ನಿಜವೇ. ಅವರ ಕೈಯಲ್ಲಿ ಯಾವತ್ತೂ ಏನೂ ಇರಲಿಲ್ಲ. ಏನೂ ಇಲ್ಲದ ಕೈಯನ್ನು ಬಡವರ ಹೆಗಲ ಮೇಲೆ ಇಡುವುದಕ್ಕೆಂದೇ ಕಾರ್ಖಾನೆಗಳು ಇಂಥವರನ್ನು ಸಾಕಿಕೊಳ್ಳುತ್ತವೆ.

ಗಂಡಹೆಂಡಿರು ಬೆಂಚಿನ ಮೇಲೆ ಕೂತರು. ಎದುರಿನ ಗೋಡೆಗೆ ಅರ್ಧದವರೆಗೆ ಹಸಿರು ಬಳಿದಿದ್ದರು. ಬೆಳಿಗ್ಗೆಯದನ್ನು ಅವಳು ಕೇಳುತ್ತಾಳೆಂದು ಅವನು ಕಾದ. ಕಾರಿಡಾರಿನಲ್ಲಿ ಯಾರೋ ನೆಲ ಒರೆಸುತ್ತ ಬಂದು, ಕಾಲೆತ್ತಿ ಎಂದರು. ಇಬ್ಬರೂ ಕಾಲೆತ್ತಿದರು. ಒರೆಸಿಕೊಂಡು ಹೋದ ಮೇಲೆ ಇಳಿಸಬೇಕೆಂದು ಇಬ್ಬರಿಗೂ ಬಹಳ ಹೊತ್ತು ನೆನಪಾಗಲಿಲ್ಲ.

ಕಿಟಕಿಯ ಬಿಸಿಲು ಬೆಂಚಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿದ ಮೇಲೆ ಡಾಕ್ಟರಮ್ಮ ಬಂದರು. ನಳಿಕೆ ಬಿಟ್ಟುಕೊಂಡಿದೆ ಎಂದರು. ಅದು ಮತ್ತೆ ಮುಚ್ಚದ ಹಾಗೆ ಒಳಗೆ ಸಣ್ಣ ಆಸರೆಯೊಂದನ್ನು ಇಟ್ಟಿದ್ದೇವೆ, ಆಮ್ಲಜನಕದ ಮಟ್ಟ ಏರುತ್ತಿದೆ, ಇನ್ನೂ ಕೆಲವು ದಿನ ಏನೂ ಹೇಳಲಾಗದು. ಆ ಕ್ಲಿನಿಕ್ಕಿನ ವಿಷಯ ಇನ್ನೊಮ್ಮೆ ನನ್ನ ಮೇಲಿನವರ ಮುಂದೆ ಹೇಳುತ್ತೀರಾ ಎಂದು ಕೇಳಿದರು. ಹೇಳುತ್ತೇನೆ ಎಂದ.

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅವನಿಗೆ ಅಳು ಬರಲಿಲ್ಲ, ನಗುವೂ ಬರಲಿಲ್ಲ. ಸಂತೋಷವಾಗಿದೆಯೇ ಎಂದು ಒಳಗೆ ತಡಕಾಡಿ ನೋಡಿದ. ಹಸಿವಾಗಿರುವುದು ಮಾತ್ರ ಗೊತ್ತಾಯಿತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ರೇಡಿಯೋ ಅಕ್ಕ. ಮಗು ಹೇಗಿದೆ ಎಂದು ಕೇಳಿ, ಇದೆ ಎನ್ನುವುದನ್ನು ಕೇಳಿಸಿಕೊಂಡು, ಹಿಂದಕ್ಕೆ ತಿರುಗಿ ಯಾರಿಗೋ ಇದೆಯಂತೆ ಎಂದು ಕೂಗಿ, ಆಮೇಲೆ ತನ್ನ ಕಥೆ ಬಿಚ್ಚಿದಳು. ಊಟದ ಮೇಲೆ ಯಾರೂ ಒಳಗೆ ಹೋಗಿಲ್ಲ. ತೊಟ್ಟಿಗಳೆಲ್ಲ ನಿಂತಿವೆ. ಮೂಟೆ ಹಾಗೇ ಮಣ್ಣಿನಲ್ಲಿವೆ, ಎತ್ತಿಡಿ ಎಂದರೆ ನೀವೇ ಎತ್ತಿಡಿ ಎಂದಿದ್ದೇವೆ. ನಿನ್ನನ್ನು ಕೆಲಸದಿಂದ ತೆಗೆದಿರುವುದಾಗಿ ಮೇಸ್ತ್ರಿ ಬಂದು ಹೇಳಿದ, ಹಾಗಾದರೆ ಎಲ್ಲರನ್ನೂ ತೆಗೆಯಿರಿ ಎಂದೆವು. ನಾವು ಕೇಳುವುದಿಷ್ಟು, ಕ್ಲಿನಿಕ್ಕಿಗೆ ಕಾಲಿಗೆ ಹಾಕುವ ಯಂತ್ರ ಬರಬೇಕು, ಕೇಳಿದ ತಕ್ಷಣ ವ್ಯಾನು ಸಿಗಬೇಕು, ತೊಳೆದುಕೊಂಡು ಬನ್ನಿ ಎನ್ನುವ ಮಾತು ಇನ್ನು ಯಾರ ಬಾಯಲ್ಲೂ ಬರಬಾರದು. ನಿಮ್ಮಮ್ಮ ಗೇಟಿಗೆ ಅಡ್ಡ ಕೂತುಬಿಟ್ಟಿದ್ದಾರೆ, ನೀರು ಕುಡಿಯಲೂ ಏಳುತ್ತಿಲ್ಲ.

ಅವನು ಹೂಂ, ಹೂಂ ಎಂದು ಕೇಳಿ ಫೋನು ಇಟ್ಟ.

"ಏನಂತೆ?" ಎಂದಳು ಹೆಂಡತಿ.

"ತೊಟ್ಟಿ ನಿಂತಿವೆಯಂತೆ."

ಅವಳು ಮುಚ್ಚಿದ ಬಾಗಿಲನ್ನು ನೋಡುತ್ತಿದ್ದಳು. ರವಿಕೆಯ ಮುಂಭಾಗ ಹಾಲು ಇಳಿದು ಒದ್ದೆಯಾಗಿತ್ತು. ಬೆಳಿಗ್ಗೆಯಿಂದ ಮಗು ಕುಡಿದಿರಲಿಲ್ಲ.

"ಹಾಲು ಕೊಡಬಹುದಾ ಅಂತ ಕೇಳಿ," ಎಂದಳು.

ಅವನು ಎದ್ದು ಹೋಗಿ ಬಾಗಿಲು ತಟ್ಟಿ ಕೇಳಿದ. ಈಗ ಬೇಡ, ಸ್ವಲ್ಪ ಹೊತ್ತು ಬಿಟ್ಟು ಹೇಳುತ್ತೇವೆ ಎಂದು ನರ್ಸು ಬಾಗಿಲು ಹಾಕಿಕೊಂಡಳು. ಆ ಸ್ವಲ್ಪ ಹೊತ್ತು ಎಷ್ಟೆಂದು ಅವನು ಕೇಳಲಿಲ್ಲ. ಬೆಂಚಿಗೂ ವಾಪಸು ಬರಲಿಲ್ಲ. ಬಾಗಿಲ ಮುಂದೆಯೇ, ಕರೆದರೆ ಕೇಳಿಸುವಷ್ಟು ಹತ್ತಿರದಲ್ಲಿ, ನಿಂತುಕೊಂಡ.